ರಿಮೋಟ್ ಕಂಡುಹಿಡಿದದ್ದು ಜಗದೀಶ ಚಂದ್ರ ಬೋಸರೇ? ಫಾರ್ವರ್ಡ್ ಹೇಳದೇ ಬಿಟ್ಟ ಕತೆ

ಜಗದೀಶ ಚಂದ್ರ ಬೋಸರ ಬಗ್ಗೆ ಒಂದು ಫಾರ್ವರ್ಡ್ ಆಗಾಗ ನಮ್ಮ ಗ್ರೂಪುಗಳಿಗೆ ಬಂದು ಬೀಳುತ್ತದೆ. ನವೆಂಬರ್ 30ಕ್ಕೆ ತಪ್ಪುವುದೇ ಇಲ್ಲ, ಅದು ಅವರ ಹುಟ್ಟುಹಬ್ಬ. ಅದರ ಸಾರಾಂಶ ಇಷ್ಟು: ರೇಡಿಯೋ, ರಿಮೋಟ್, ವೈಫೈ, 5ಜಿ ಎಲ್ಲದರ ಜನಕ ಬೋಸ್. ಮಾರ್ಕೋನಿ ಅದನ್ನು ಕದ್ದ. ಗಿಡಗಳು ಅಳುತ್ತವೆ ಎಂದು ಸಾಬೀತು ಮಾಡಿದ್ದೂ ಇವರೇ. ಹೆಮ್ಮೆ ಇದ್ದರೆ ಹತ್ತು ಜನಕ್ಕೆ ಕಳಿಸಿ.

ಹೆಮ್ಮೆ ಪಡಲು ಕಾರಣ ಖಂಡಿತ ಇದೆ. ಆದರೆ ಫಾರ್ವರ್ಡ್ ಕೊಡುವ ಕಾರಣಗಳಲ್ಲಿ ಹೆಚ್ಚಿನವು ಅರ್ಧ ಸತ್ಯ. ಹೇಳಲೇಬೇಕಾದ ಮುಖ್ಯ ಸಂಗತಿಯನ್ನು ಅದು ಹೇಳುವುದೇ ಇಲ್ಲ. ಆ ಸಂಗತಿ ನಿಮ್ಮ ಟಿವಿ ಪೆಟ್ಟಿಗೆಯ ಮೂತಿಯಲ್ಲೇ ಕೂತಿದೆ. ಅಲ್ಲಿಂದಲೇ ಶುರುಮಾಡೋಣ.

ಗುಂಡಿ ಒತ್ತಿದಾಗ ಏನಾಗುತ್ತದೆ?

ನಮ್ಮ ಬಣಕಲ್ ಕಡೆ ಮಳೆ ಜೋರಾಗಿ ಹಿಡಿದರೆ ಡಿಶ್ ಸಿಗ್ನಲ್ ಹೋಗುವುದು ಮಾಮೂಲು. ಹಾಗಾಗಿ ಒಂದು ಹಳೆಯ ಕಂಪ್ಯೂಟರನ್ನೋ ಅಂಗೈಯಗಲದ ರಾಸ್ಪ್‌ಬೆರಿ ಪೈ ಬೋರ್ಡನ್ನೋ ಟಿವಿಗೆ ಜೋಡಿಸಿ, ಕೋಡಿಯಂಥ ಉಚಿತ ಸಾಫ್ಟ್‌ವೇರ್ ಹಾಕಿ, ಸಿನಿಮಾ ಹಾಡು ಎಲ್ಲ ತುಂಬಿಟ್ಟುಕೊಳ್ಳುವುದು ಒಳ್ಳೆಯ ಉಪಾಯ. ತೊಂದರೆ ಒಂದೇ. ಮನೆಯ ಹಿರಿಯರಿಗೆ ಕೀಬೋರ್ಡು ಮೌಸು ಒಗ್ಗುವುದಿಲ್ಲ, ಅವರಿಗೆ ರಿಮೋಟೇ ಆಗಬೇಕು. ಕಂಪ್ಯೂಟರಿಗೆ ರಿಮೋಟಿನ ಮಾತು ತಿಳಿಯಬೇಕಾದರೆ ಅದಕ್ಕೊಂದು ಕಣ್ಣು ಬೇಕು. ಯುಎಸ್‌ಬಿಗೆ ಚುಚ್ಚುವ ಸಣ್ಣ ರಿಸೀವರ್ ಆಗಬಹುದು, ಬೋರ್ಡಿನ ಪಿನ್ನಿಗೆ ಜೋಡಿಸುವ ಮೂರು ಕಾಲಿನ ಪುಟ್ಟ ಬಿಡಿಭಾಗವೂ ಆಗಬಹುದು. ಕೆಲವು ಟಿವಿಗಳು ತಮ್ಮ ಕಣ್ಣಿಗೆ ಕಂಡದ್ದನ್ನು ಎಚ್‌ಡಿಎಂಐ ವೈರಿನ ಮೂಲಕ ಕಂಪ್ಯೂಟರಿಗೆ ದಾಟಿಸುವುದೂ ಉಂಟು.

ರಿಮೋಟಿನ ತುದಿಯಲ್ಲಿ ಒಂದು ಎಲ್‌ಇಡಿ ಇದೆ. ಅದರಿಂದ ಬರುವುದು ಅವಕೆಂಪು ಬೆಳಕು, ಅಂದರೆ ಕೆಂಪಿಗಿಂತ ಆಚೆಗಿನ, ನಮ್ಮ ಕಣ್ಣಿಗೆ ಕಾಣದ ಬೆಳಕು. ಗುಂಡಿ ಒತ್ತಿದಾಗ ಅದು ಸೆಕೆಂಡಿಗೆ ಸುಮಾರು 38,000 ಸಲದ ವೇಗದಲ್ಲಿ ಮಿಟುಕುತ್ತದೆ. ಈ ಮಿಟುಕು ಬಿಡಿಬಿಡಿ ಕಂತುಗಳಲ್ಲಿ ಹೋಗುತ್ತದೆ, ಪ್ರತಿ ಗುಂಡಿಗೂ ಕಂತುಗಳ ಜೋಡಣೆ ಬೇರೆ. ಪೆಟ್ಟಿಗೆಯ ಕಣ್ಣು ಅದನ್ನು ಕರೆಂಟಾಗಿ ಬದಲಿಸುತ್ತದೆ. ಆಮೇಲೆ ಸಾಫ್ಟ್‌ವೇರ್ ತನ್ನ ಪಟ್ಟಿ ನೋಡಿ, ಇದು ಧ್ವನಿ ಹೆಚ್ಚಿಸುವ ಗುಂಡಿ ಎಂದು ಗುರುತಿಸುತ್ತದೆ.

ರಿಮೋಟಿನ ಕಿರಣದಿಂದ ಅಪಾಯ ಎಂಬ ಇನ್ನೊಂದು ಫಾರ್ವರ್ಡ್ ಇದೆಯಲ್ಲ, ಅದಕ್ಕೆ ಉತ್ತರ ಚಿಕ್ಕದು. ಒಲೆಯ ಕೆಂಡ, ಬಿಸಿಲು, ನಿಮ್ಮ ಮೈ ಎಲ್ಲವೂ ಅವಕೆಂಪನ್ನು ಹೊರಸೂಸುತ್ತವೆ. ಒಲೆಯ ಮುಂದೆ ಚಳಿ ಕಾಯಿಸುವಾಗ ಮೈಗೆ ತಾಗುವುದರ ಮುಂದೆ ರಿಮೋಟಿನದು ಲೆಕ್ಕಕ್ಕೇ ಇಲ್ಲ.

ಇಲ್ಲಿ ಎರಡು ಕೆಲಸ ನಡೆಯುತ್ತದೆ: ಒಂದು ಕಳಿಸುವುದು, ಇನ್ನೊಂದು ಕಾಣುವುದು. ನಮ್ಮ ಗಮನವೆಲ್ಲ ಕೈಯಲ್ಲಿರುವ ರಿಮೋಟಿನ ಮೇಲೆ, ಅಂದರೆ ಕಳಿಸುವುದರ ಮೇಲೆ ಇರುತ್ತದೆ. ಆದರೆ ಕಾಣದ ಅಲೆಯನ್ನು ಹಿಡಿಯುವುದೇ ಹೆಚ್ಚು ಕಷ್ಟದ ಕೆಲಸ. ಬೋಸರ ದೊಡ್ಡ ಸಾಧನೆ ಇರುವುದು ಅಲ್ಲಿ.

ಬೆಸ್ತರ ಹುಡುಗನ ಪಕ್ಕದ ಬೆಂಚು

ಬೋಸ್ ಹುಟ್ಟಿದ್ದು 1858ರ ನವೆಂಬರ್ 30ರಂದು, ಈಗಿನ ಬಾಂಗ್ಲಾದೇಶಕ್ಕೆ ಸೇರಿದ ಮೈಮೆನ್‌ಸಿಂಗ್‌ನಲ್ಲಿ. ಅಪ್ಪ ಭಗವಾನ್ ಚಂದ್ರ ಬೋಸ್ ಬ್ರಿಟಿಷ್ ಸರಕಾರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್. ಅಂಥ ಹುದ್ದೆಯವರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ಕಾಲ ಅದು. ಈ ಅಪ್ಪ ಮಾತ್ರ ಮಗನನ್ನು ಊರಿನ ಬಂಗಾಳಿ ಶಾಲೆಗೆ ಹಾಕಿದರು. ಅಲ್ಲಿ ಒಂದು ಪಕ್ಕ ಕೂರುತ್ತಿದ್ದವನು ಅಪ್ಪನ ಮುಸ್ಲಿಂ ಸಹಾಯಕನ ಮಗ, ಇನ್ನೊಂದು ಪಕ್ಕ ಒಬ್ಬ ಬೆಸ್ತರ ಹುಡುಗ. ಅವರು ಹೇಳುತ್ತಿದ್ದ ಹಕ್ಕಿ, ಮೀನು, ನೀರಿನ ಜೀವಿಗಳ ಕತೆಗಳೇ ಪ್ರಕೃತಿಯ ಮೇಲೆ ತನಗೆ ಕುತೂಹಲ ಹುಟ್ಟಿಸಿದವು ಎಂದು ಬೋಸ್ ಮುಂದೆ ನೆನಪಿಸಿಕೊಂಡಿದ್ದಾರೆ.

ಆಮೇಲೆ ಕೋಲ್ಕತಾದ ಸೇಂಟ್ ಝೇವಿಯರ್ಸ್. ಅಲ್ಲಿ ಫಾದರ್ ಲಾಫೋಂ ಎಂಬ ಪಾದ್ರಿ ಪ್ರಯೋಗ ಮಾಡಿ ತೋರಿಸಿ ಪಾಠ ಹೇಳುತ್ತಿದ್ದರು, ಭೌತಶಾಸ್ತ್ರದ ರುಚಿ ಹತ್ತಿದ್ದು ಅಲ್ಲಿ. 1880ರಲ್ಲಿ ಡಾಕ್ಟರಾಗಲು ಲಂಡನ್ನಿಗೆ ಹೋದರು. ಬಿಡದೆ ಕಾಡುತ್ತಿದ್ದ ಜ್ವರ, ಅದರ ಮೇಲೆ ಶವ ಕೊಯ್ಯುವ ಕೋಣೆಯ ವಾಸನೆ. ವೈದ್ಯಕೀಯ ಬಿಟ್ಟು ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜು ಸೇರಿ ವಿಜ್ಞಾನ ಓದಿದರು. ಅಲ್ಲಿ ಅವರಿಗೆ ಸಿಕ್ಕ ಮೇಷ್ಟರು ಲಾರ್ಡ್ ರೇಲಿ, ಅಲೆಗಳ ವಿಷಯದಲ್ಲಿ ಆ ಕಾಲದ ದೊಡ್ಡ ಹೆಸರು.

ಮೂರು ವರ್ಷ ಮುಟ್ಟದ ಸಂಬಳ

1885ರಲ್ಲಿ ಕೋಲ್ಕತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಹಂಗಾಮಿ ಪ್ರಾಧ್ಯಾಪಕರಾದರು. ಆಗಿನ ನಿಯಮ ಹೀಗಿತ್ತು: ಯುರೋಪಿನವರಿಗೆ ಕೊಡುವ ಸಂಬಳದ ಮೂರನೇ ಎರಡು ಭಾಗ ಮಾತ್ರ ಭಾರತೀಯರಿಗೆ. ಹಂಗಾಮಿ ಎಂಬ ಕಾರಣಕ್ಕೆ ಬೋಸರಿಗೆ ಅದರಲ್ಲೂ ಅರ್ಧ. ಅಂದರೆ ಒಂದೇ ತರಗತಿ, ಒಂದೇ ಪಾಠ, ಸಂಬಳ ಮಾತ್ರ ಮೂರನೇ ಒಂದು.

ಅವರು ಕೆಲಸ ಬಿಡಲಿಲ್ಲ, ಗಲಾಟೆಯನ್ನೂ ಮಾಡಲಿಲ್ಲ. ದಿನವೂ ಪಾಠ ಮಾಡಿದರು, ಆದರೆ ಸಂಬಳವನ್ನು ಮುಟ್ಟಲಿಲ್ಲ. ಹೀಗೆ ಮೂರು ವರ್ಷ. ಇದು ಸುಮ್ಮನೆ ಓದಿ ಮುಂದೆ ಹೋಗುವ ಮಾತಲ್ಲ, ಯಾಕೆಂದರೆ ಮನೆಯಲ್ಲಿ ಹಣ ಇರಲಿಲ್ಲ. ಅಪ್ಪ ಟೀ ತೋಟದಂಥ ಉದ್ಯಮಗಳಿಗೆ ಹಣ ಹಾಕಿ ಸಾಲ ಮಾಡಿಕೊಂಡಿದ್ದರು. ಬೆಲೆ ಬಿದ್ದ ವರ್ಷ ತೋಟದ ಸಾಲ ಹೇಗಿರುತ್ತದೆ ಎಂದು ಕಾಫಿ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅದರ ನಡುವೆಯೇ 1887ರಲ್ಲಿ ಅಬಲಾ ಅವರೊಂದಿಗೆ ಮದುವೆಯಾಯಿತು. ಕೋಲ್ಕತಾದಲ್ಲಿ ಬಾಡಿಗೆ ಕೊಡಲಾಗದೆ ಹೂಗ್ಲಿ ನದಿಯ ಆಚೆ ಚಂದನನಗರದಲ್ಲಿ ಮನೆ ಹಿಡಿದರು. ಬೆಳಿಗ್ಗೆ ಗಂಡ ದೋಣಿಯಲ್ಲಿ ಹೊಳೆ ದಾಟಿ ಕೆಲಸಕ್ಕೆ ಹೊರಟರೆ, ಆ ದೋಣಿಯನ್ನು ವಾಪಸ್ ತರುತ್ತಿದ್ದವರು ಅಬಲಾ. ಅವರು ಮದ್ರಾಸಿನಲ್ಲಿ ವೈದ್ಯಕೀಯ ಓದಿದವರು, ಮುಂದೆ ಬಂಗಾಳದಲ್ಲಿ ಹೆಣ್ಣುಮಕ್ಕಳ ಶಿಕ್ಷಣಕ್ಕೆ ದೊಡ್ಡ ಕೆಲಸ ಮಾಡಿದವರು. ಬೋಸ್ ಫಾರ್ವರ್ಡುಗಳಲ್ಲಿ ಅವರ ಹೆಸರನ್ನು ನಾನು ಇದುವರೆಗೆ ನೋಡಿಲ್ಲ.

ಮೂರು ವರ್ಷದ ನಂತರ ಸರಕಾರವೇ ಮಣಿಯಿತು. ಪೂರ್ತಿ ಸಂಬಳ, ಹಿಂದಿನ ಬಾಕಿ ಸಮೇತ ಬಂತು. ಆ ದುಡ್ಡು ಅಪ್ಪನ ಸಾಲಕ್ಕೆ ಹೋಯಿತು.

ಗಂಟೆ ಬಾರಿಸಿದ ಅಲೆ

ಕಾಲೇಜಿನಲ್ಲಿ ಅವರಿಗೆ ಪ್ರಯೋಗಾಲಯ ಅಂತ ಇದ್ದದ್ದು 24 ಚದರ ಅಡಿಯ ಗೂಡು. ಮಲೆನಾಡಿನ ಮನೆಗಳ ಬಚ್ಚಲು ಇದಕ್ಕಿಂತ ದೊಡ್ಡದಿರುತ್ತದೆ. ಸಹಾಯಕ್ಕೆ ಒಬ್ಬ ತಗಡಿನ ಕೆಲಸದವನು, ಅವನಿಗೆ ಎಲ್ಲವನ್ನೂ ಬೋಸರೇ ಕಲಿಸಿದ್ದು.

ರೇಡಿಯೋ ಅಲೆ ಇದೆ ಎಂದು ಜರ್ಮನಿಯ ಹೈನ್ರಿಕ್ ಹರ್ಟ್ಸ್ 1880ರ ದಶಕದ ಕೊನೆಯಲ್ಲೇ ತೋರಿಸಿದ್ದರು. ಅಲ್ಲಿಗೆ, ರೇಡಿಯೋ ಅಲೆಯ ಜನಕ ಬೋಸ್ ಎಂಬ ಮಾತು ಬಿತ್ತು. ಬೋಸರ ಆಸಕ್ತಿ ಬೇರೆ ಇತ್ತು. ಈ ಅಲೆಯೂ ಬೆಳಕೂ ಒಂದೇ ಜಾತಿಯವು ಎಂದಾದರೆ, ಬೆಳಕಿನ ಹಾಗೆ ಇದೂ ಬಾಗಬೇಕು, ಪ್ರತಿಫಲಿಸಬೇಕು. ಹರ್ಟ್ಸ್ ಅಲೆಗಳು ಉದ್ದ, ಅವನ್ನು ಬಾಗಿಸಿ ನೋಡಲು ದೊಡ್ಡ ದೊಡ್ಡ ಉಪಕರಣ ಬೇಕು. ಗೂಡಿನಲ್ಲಿ ಅದೆಲ್ಲಿ ಹಿಡಿಸೀತು? ಬೋಸ್ ಅಲೆಯನ್ನೇ ಚಿಕ್ಕದು ಮಾಡಿದರು, 5 ಮಿಲಿಮೀಟರಿನಷ್ಟು ಗಿಡ್ಡ. ಇಂದಿನ ಲೆಕ್ಕದಲ್ಲಿ ಅದು ಸುಮಾರು 60 ಗಿಗಾಹರ್ಟ್ಸ್.

1895ರಲ್ಲಿ ಕೋಲ್ಕತಾದ ಟೌನ್‌ಹಾಲ್‌ನಲ್ಲಿ ಸಾರ್ವಜನಿಕ ಪ್ರದರ್ಶನ ನಡೆಯಿತು. ಒಂದು ಕಡೆ ಅಲೆ ಹೊರಡಿಸುವ ಯಂತ್ರ, 75 ಅಡಿ ದೂರದ ಇನ್ನೊಂದು ಕೋಣೆಯಲ್ಲಿ ಅದನ್ನು ಹಿಡಿಯುವ ಉಪಕರಣ. ನಡುವೆ ಗೋಡೆಗಳು, ಜೊತೆಗೆ ಅಧ್ಯಕ್ಷತೆ ವಹಿಸಿದ್ದ ಲೆಫ್ಟಿನೆಂಟ್ ಗವರ್ನರರ ದೊಡ್ಡ ದೇಹ. ಅಲೆ ಎಲ್ಲವನ್ನೂ ಹಾದು ಹೋಗಿ ಆ ಕೋಣೆಯ ಗಂಟೆ ಬಾರಿಸಿತು, ಪಿಸ್ತೂಲು ಹಾರಿಸಿತು, ಸಣ್ಣದೊಂದು ಸಿಡಿಮದ್ದನ್ನು ಸಿಡಿಸಿತು. ವೈರಿಲ್ಲದೆ ದೂರದಿಂದ ಕೆಲಸ ಮಾಡಿಸುವುದೇ ರಿಮೋಟ್ ಎನ್ನುವುದಾದರೆ ಇದು ರಿಮೋಟೇ.

ಆದರೂ ನಿಮ್ಮ ಕೈಯಲ್ಲಿರುವುದನ್ನು ಬೋಸ್ ಕಂಡುಹಿಡಿದರು ಎಂದು ನಾನು ಹೇಳಲಾರೆ. ಟೌನ್‌ಹಾಲ್‌ನ ಅಲೆಗೆ ಗೊತ್ತಿದ್ದದ್ದು ಒಂದೇ ಮಾತು: ನಡೆಸು. ಇದನ್ನು ಮಾಡು, ಅದನ್ನು ಬೇಡ ಎಂದು ಬೇರೆಬೇರೆ ಅಪ್ಪಣೆ ಕೊಡುವ ಯಂತ್ರವನ್ನು ತೋರಿಸಿದವರು ನಿಕೋಲಾ ಟೆಸ್ಲಾ, 1898ರಲ್ಲಿ ನ್ಯೂಯಾರ್ಕಿನಲ್ಲಿ, ಒಂದು ಪುಟ್ಟ ದೋಣಿಯನ್ನು ವೈರಿಲ್ಲದೆ ನಡೆಸಿ. ಟಿವಿಗೆ ಬೆಳಕಿನ ರಿಮೋಟ್ ಬಂದದ್ದು 1955ರಲ್ಲಿ, ಅಮೆರಿಕದಲ್ಲಿ. ಬಿಸಿಲು ಬಿದ್ದರೆ ಅದರ ಟಿವಿ ತಾನೇ ಚಾನೆಲ್ ಬದಲಿಸುತ್ತಿತ್ತು. ಮರುವರ್ಷವೇ ಶಬ್ದದಿಂದ ನಡೆಯುವ ರಿಮೋಟ್ ಬಂದು ಅದನ್ನು ಬದಿಗೆ ಸರಿಸಿತು. ಅವಕೆಂಪು ಬಂದದ್ದು ಅದಕ್ಕೂ ಎಷ್ಟೋ ವರ್ಷದ ನಂತರ.

ಇನ್ನೂ ಒಂದು ವ್ಯತ್ಯಾಸ ಇದೆ. ಬೋಸರ ಅಲೆ ಗೋಡೆ ದಾಟಿತು, ನಿಮ್ಮ ಅವಕೆಂಪು ರಿಮೋಟ್ ದಾಟುವುದಿಲ್ಲ. ಇದು ಕೊರತೆಯಂತೆ ಕಂಡರೂ ಅನುಕೂಲವೇ. ಗೋಡೆ ದಾಟುವ ಹಾಗಿದ್ದರೆ ನೀವು ಒತ್ತಿದ ಗುಂಡಿಗೆ ಪಕ್ಕದ ಮನೆಯ ಟಿವಿ ಆರಿಹೋಗುತ್ತಿತ್ತು. ಬ್ಲೂಟೂತ್ ರಿಮೋಟುಗಳು ಬಳಸುವುದು ರೇಡಿಯೋ ಅಲೆ, ಅವು ಗೋಡೆಯಾಚೆಯಿಂದಲೂ ಕೆಲಸ ಮಾಡುತ್ತವೆ. ಅದಕ್ಕೇ ಅವನ್ನು ಮೊದಲು ಪೆಟ್ಟಿಗೆಯ ಜೊತೆ ಜೋಡಿ ಮಾಡಿಸಬೇಕು.

ರೈಲ್ವೆ ಟೈಮ್‌ಟೇಬಲ್, ಸೆಣಬು ಮತ್ತು ತುಕ್ಕು

ಬೋಸರ ಉಪಕರಣಗಳ ವಿವರ ಓದುವುದೇ ಒಂದು ಖುಷಿ. ಅಲೆಯನ್ನು ಒಂದೇ ದಿಕ್ಕಿಗೆ ಅದುರುವಂತೆ ಸೋಸಲು ಅವರು ಬಳಸಿದ್ದು ಬ್ರಾಡ್‌ಶಾ ರೈಲ್ವೆ ಟೈಮ್‌ಟೇಬಲ್ ಪುಸ್ತಕ, ಹಾಳೆಗಳ ನಡುವೆ ತವರದ ತೆಳು ತಗಡು ಇಟ್ಟು. ಸಕ್ಕರೆ ದ್ರಾವಣ ಬೆಳಕನ್ನು ತಿರುಚುವ ಬಗೆಯನ್ನು ತೋರಿಸಲು ಸೆಣಬಿನ ನಾರನ್ನು ಹೊಸೆದು ಅಲೆಯ ದಾರಿಗೆ ಅಡ್ಡ ಇಟ್ಟರು. ಬಂಗಾಳದಲ್ಲಿ ಸೆಣಬಿಗೇನು ಬರ!

ಅಲೆ ಹಿಡಿಯುವ ಉಪಕರಣವೇ ತಲೆನೋವಾಗಿತ್ತು. ಯುರೋಪಿನಲ್ಲಿ ಗಾಜಿನ ಕೊಳವೆಯಲ್ಲಿ ಲೋಹದ ಪುಡಿ ತುಂಬಿ ಬಳಸುತ್ತಿದ್ದರು. ಅಲೆ ತಾಗಿದಾಗ ಪುಡಿ ಒಂದಕ್ಕೊಂದು ಅಂಟಿ ಕರೆಂಟ್ ಹರಿಯುತ್ತದೆ. ಮತ್ತೆ ಬಳಸಬೇಕಾದರೆ ಕೊಳವೆಯನ್ನು ತಟ್ಟಬೇಕು. ಬೋಸ್ ಪುಡಿಯ ಬದಲು ಸಣ್ಣ ಉಕ್ಕಿನ ಸ್ಪ್ರಿಂಗುಗಳನ್ನು ಸಾಲಾಗಿ ಜೋಡಿಸಿದರು. ಬಂಗಾಳದ ತೇವದ ಹವೆಯಲ್ಲಿ ಅದಕ್ಕೆ ತುಕ್ಕಿನ ಕಾಟ, ಹಾಗಾಗಿ ಕೋಬಾಲ್ಟ್ ಲೇಪ ಕೊಟ್ಟರು. ನಮ್ಮ ಕಡೆ ಜುಲೈ ತಿಂಗಳಲ್ಲಿ ರಿಮೋಟಿನ ಬ್ಯಾಟರಿ ಸ್ಪ್ರಿಂಗಿಗೆ ಕಿಲುಬು ಹಿಡಿಯುತ್ತದಲ್ಲ, ಅದೇ ಸಮಸ್ಯೆ. ಅಂದಹಾಗೆ, ರಿಮೋಟ್ ಕೆಟ್ಟಿದೆಯೋ ಪೆಟ್ಟಿಗೆ ಕೆಟ್ಟಿದೆಯೋ ಎಂದು ಗೊತ್ತಾಗದಿದ್ದರೆ ಫೋನಿನ ಸೆಲ್ಫಿ ಕ್ಯಾಮೆರಾವನ್ನು ರಿಮೋಟಿನ ತುದಿಗೆ ಹಿಡಿದು ಗುಂಡಿ ಒತ್ತಿ. ಹೆಚ್ಚಿನ ಫೋನುಗಳಲ್ಲಿ ನೇರಳೆ ಬಣ್ಣದ ಮಿನುಗು ಕಾಣುತ್ತದೆ. ಕಂಡರೆ ರಿಮೋಟ್ ಬೆಳಕು ಕಳಿಸುತ್ತಿದೆ, ಪೆಟ್ಟಿಗೆಯ ಕಡೆ ನೋಡಿ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿರಬಹುದು, ಅದರಲ್ಲಿ ಅವಕೆಂಪನ್ನು ತಡೆಯುವ ಸೋಸಕ ಇರುತ್ತದೆ.

ಸೀಸದ ಅದಿರಿನ ಕಣ್ಣು

ಈಗ ಮುಖ್ಯ ಸಂಗತಿಗೆ ಬಂದೆವು. ಸ್ಪ್ರಿಂಗಿನಿಂದ ತೃಪ್ತಿಯಾಗದೆ ಬೋಸ್ ಹತ್ತಾರು ಲೋಹ, ಖನಿಜಗಳನ್ನು ಪರೀಕ್ಷಿಸುತ್ತಾ ಹೋದರು. ಗೆಲೀನಾ ಎಂಬ ಸೀಸದ ಅದಿರಿನ ಹರಳಿಗೆ ಲೋಹದ ಮೊನೆ ತಾಗಿಸಿಟ್ಟರೆ, ಅಲೆ ಬಿದ್ದೊಡನೆ ಅದರ ಕರೆಂಟ್ ಬದಲಾಗುತ್ತಿತ್ತು. ಅಲೆ ನಿಂತಾಗ ತಟ್ಟದೇ ಮೊದಲಿನ ಸ್ಥಿತಿಗೆ ಮರಳುತ್ತಿತ್ತು. ಇನ್ನೂ ವಿಚಿತ್ರ ಎಂದರೆ, ರೇಡಿಯೋ ಅಲೆಗೆ ಮಾತ್ರವಲ್ಲ, ಬೆಳಕಿಗೂ ಅದು ಸ್ಪಂದಿಸಿತು. ನಮ್ಮ ಕಣ್ಣಿಗೆ ಕಾಣುವುದು ಬೆಳಕಿನ ಒಂದು ಸಣ್ಣ ಪಟ್ಟಿ. ಇದು ಅದರ ಆಚೆ ಈಚೆ ಎರಡನ್ನೂ ಕಾಣುವ ಕೃತಕ ಕಣ್ಣು.

ಗೆಲೀನಾ ಒಂದು ಅರೆವಾಹಕ. ಆಗ ಆ ವಿದ್ಯೆಯೇ ಹುಟ್ಟಿರಲಿಲ್ಲ. ನಿಮ್ಮ ಟಿವಿ ಪೆಟ್ಟಿಗೆಯ ಕಪ್ಪು ಗಾಜಿನ ಹಿಂದೆ ಇರುವುದೂ ಅರೆವಾಹಕದ ತುಣುಕೇ, ಗೆಲೀನಾ ಬದಲು ಸಿಲಿಕಾನ್. ಅದರ ಮೇಲೆ ಬೆಳಕು ಬಿದ್ದಾಗ ಕರೆಂಟ್ ಬದಲಾಗುತ್ತದೆ, ಅಷ್ಟೇ. ಮನೆಯ ಕಂಪ್ಯೂಟರ್ ನಿಮ್ಮ ಅಜ್ಜಿಯ ಮಾತು ಕೇಳುವುದು ಈ ಕಣ್ಣಿನಿಂದ. ವೈಫೈ ಜನಕ ಎಂಬ ಬಿರುದಿಗಿಂತ ಇದು ನೂರು ಪಾಲು ಗಟ್ಟಿಯಾದ ಹೊಗಳಿಕೆ ಎಂದು ನನಗನ್ನಿಸುತ್ತದೆ. ವೈಫೈ, 5ಜಿಗಳ ಹಿಂದೆ ಅಪಾರ ಗಣಿತವೂ ನೂರಾರು ಜನರ ಶ್ರಮವೂ ಇದೆ. ಬೋಸರ ಪಾಲು ಅಷ್ಟು ಗಿಡ್ಡ ಅಲೆಗಳನ್ನು ಮೊದಲು ಪಳಗಿಸಿದ್ದು. ಅದು ಸಣ್ಣ ಮಾತಲ್ಲ, ಆದರೆ ಅದು ವೈಫೈ ಅಲ್ಲ.

ಮಾರ್ಕೋನಿ ಕದ್ದರೇ?

1901ರ ಹೊತ್ತಿಗೆ ಬೋಸ್ ಮತ್ತೆ ಲಂಡನ್ನಿನಲ್ಲಿದ್ದರು. ಒಂದು ಟೆಲಿಗ್ರಾಫ್ ಕಂಪನಿಯ ಮಾಲೀಕ ಅವರನ್ನು ಹುಡುಕಿಕೊಂಡು ಬಂದ. ಭಾಷಣದಲ್ಲಿ ಎಲ್ಲವನ್ನೂ ಬಿಚ್ಚಿ ಹೇಳಬೇಡಿ, ಪೇಟೆಂಟ್ ಮಾಡಿಸಿ, ಲಾಭದಲ್ಲಿ ಪಾಲು ಕೊಡುತ್ತೇನೆ ಎಂಬುದು ಅವನ ಬೇಡಿಕೆ. ಬೋಸ್ ಒಪ್ಪಲಿಲ್ಲ. ದುಡ್ಡಿನ ಆಸೆ ಒಮ್ಮೆ ಹತ್ತಿದರೆ ಬಿಡಿಸಿಕೊಳ್ಳುವುದು ಕಷ್ಟ ಎಂಬ ಅರ್ಥದಲ್ಲಿ ಗೆಳೆಯ ರವೀಂದ್ರನಾಥ ಟ್ಯಾಗೋರರಿಗೆ ಪತ್ರ ಬರೆದರು. ಗೆಳತಿಯರಾದ ಸಾರಾ ಬುಲ್ ಮತ್ತು ಸೋದರಿ ನಿವೇದಿತಾ ಮಾತ್ರ ಬಿಡಲಿಲ್ಲ. ಅವರ ಒತ್ತಾಯದಿಂದಲೇ ಹರಳಿನ ಕಣ್ಣಿಗೆ ಅಮೆರಿಕದಲ್ಲಿ ಅರ್ಜಿ ಹೋಯಿತು, 1904ರ ಮಾರ್ಚ್ 29ರಂದು ಪೇಟೆಂಟ್ ಬಂತು. ಅರೆವಾಹಕ ಉಪಕರಣಕ್ಕೆ ಸಿಕ್ಕ ಜಗತ್ತಿನ ಮೊದಲ ಪೇಟೆಂಟ್ ಎಂದು ಅದನ್ನು ಗುರುತಿಸುತ್ತಾರೆ. ಬೋಸ್ ಅದರಿಂದ ಹಣ ಮಾಡಲು ಹೋಗಲಿಲ್ಲ, ಅವಧಿ ಮುಗಿದು ಹೋಯಿತು.

ಮಾರ್ಕೋನಿಯ ವಿಷಯ ಹೀಗಿದೆ. ಬೋಸ್ 1899ರಲ್ಲಿ ಕಬ್ಬಿಣ ಮತ್ತು ಪಾದರಸ ಬಳಸಿದ ಒಂದು ಗ್ರಾಹಕದ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಪ್ರಕಟಿಸಿದರು. 1901ರ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದ ಆಚೆಯಿಂದ ಬಂದ ಸಂಕೇತವನ್ನು ಹಿಡಿಯಲು ಮಾರ್ಕೋನಿ ಬಳಸಿದ್ದೂ ಪಾದರಸದ ಗ್ರಾಹಕ, ಇಟಲಿ ನೌಕಾಪಡೆಯ ಗೆಳೆಯನೊಬ್ಬ ಕೊಟ್ಟದ್ದು. ಅದರ ಮೂಲ ಬೋಸರದೇ ಎಂದು 1998ರಲ್ಲಿ ಪ್ರಕಟವಾದ ಒಂದು ಸಂಶೋಧನಾ ಲೇಖನ ವಾದಿಸಿತು. ಆ ವಾದದಲ್ಲಿ ಬಲವಿದೆ. ಬೋಸರಿಗೆ ಸಿಗಬೇಕಾದ ಮನ್ನಣೆ ಆಗ ಸಿಗಲಿಲ್ಲ ಎಂಬುದೂ ನಿಜ. ಆದರೆ ಬೀಗ ಹಾಕಿಟ್ಟಿದ್ದನ್ನು ಒಡೆದು ಒಯ್ದ ಕತೆ ಇದಲ್ಲ. ಬಾಗಿಲು ತೆರೆದಿಟ್ಟವರು ಸ್ವತಃ ಬೋಸ್, ಯಾರು ಬೇಕಾದರೂ ಬಳಸಲಿ ಎಂದೇ ಪ್ರಕಟಿಸಿದವರು. ಅವರನ್ನು ಬರೀ ಮೋಸಹೋದ ಪಾಪದ ಮನುಷ್ಯ ಎಂದು ಚಿತ್ರಿಸಿದರೆ, ಕಣ್ಣುಬಿಟ್ಟುಕೊಂಡೇ ಅವರು ಮಾಡಿದ ಆಯ್ಕೆಯನ್ನು ನಾವು ಅಳಿಸಿಹಾಕಿದ ಹಾಗೆ. ಅವರ ಮೇಷ್ಟ್ರ ಸಂಬಳದ ಕತೆ ಗೊತ್ತಿದ್ದವರಿಗೆ ಈ ಆಯ್ಕೆ ಆಶ್ಚರ್ಯ ತರುವುದಿಲ್ಲ.

ಹಾಗಾದರೆ ಗಿಡ ಅಳುತ್ತದೆಯೇ?

ಅಲೆ ಹಿಡಿಯುವವರು ಗಿಡದ ಕಡೆ ಹೊರಳಿದ್ದು ಹೇಗೆ ಎಂದು ಹಲವರು ಕೇಳುತ್ತಾರೆ. ದಾರಿ ಇದೇ ಗ್ರಾಹಕಗಳ ಮೂಲಕವೇ ಹೋಗುತ್ತದೆ. ಸತತವಾಗಿ ಬಳಸಿದರೆ ಅವು ದಣಿಯುತ್ತಿದ್ದವು, ಬಿಡುವು ಕೊಟ್ಟರೆ ಚೇತರಿಸಿಕೊಳ್ಳುತ್ತಿದ್ದವು. ಆ ನಕ್ಷೆ ಸ್ನಾಯುವಿನ ದಣಿವಿನ ನಕ್ಷೆಯಂತೆ ಕಂಡಿತು. ಲೋಹ, ಗಿಡ, ಪ್ರಾಣಿ ಎಲ್ಲದರ ಸ್ಪಂದನ ಒಂದೇ ಬಗೆಯದೇ ಎಂಬ ಪ್ರಶ್ನೆ ಅವರನ್ನು ಹಿಡಿದುಕೊಂಡಿತು.

ಅವರಿಗೆ ಬಹಳ ಇಷ್ಟವಾದ ಗಿಡ ಮುಟ್ಟಿದರೆ ಮುನಿ. ನಮ್ಮ ತೋಟದ ಬದಿಯಲ್ಲಿ ಕಾಲಿಗೆ ಮುಳ್ಳು ಗೀರುವ ಅದೇ ಗಿಡ. ಮುಟ್ಟಿದ ಜಾಗದಿಂದ ಒಂದು ವಿದ್ಯುತ್ ಸಂಕೇತ ಎಲೆಯ ಬುಡಕ್ಕೆ ಹರಿಯುತ್ತದೆ, ಅಲ್ಲಿನ ಕೋಶಗಳಿಂದ ನೀರು ಹೊರಬಂದು ಎಲೆ ಮಡಚಿಕೊಳ್ಳುತ್ತದೆ. ಗಿಡದಲ್ಲಿ ವಿದ್ಯುತ್ ಸಂಕೇತ ಓಡುತ್ತದೆ ಎಂಬ ಬೋಸರ ಮಾತು ಸರಿಯಾಗಿತ್ತು. ಗಿಡದ ಬೆಳವಣಿಗೆಯನ್ನು ಹತ್ತು ಸಾವಿರ ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಎಂಬ ಯಂತ್ರವನ್ನೂ ಅವರು ಕಟ್ಟಿದರು.

ಆದರೆ ಸಂಕೇತ ಬೇರೆ, ನೋವು ಬೇರೆ. ನೋವು ಅನುಭವಿಸಲು ಮಿದುಳು ಬೇಕು, ಗಿಡಕ್ಕೆ ಅದಿಲ್ಲ. ಗಿಡ ಅಳುತ್ತದೆ ಎಂದು ವಿಜ್ಞಾನ ಸಾಬೀತು ಮಾಡಿಲ್ಲ. ಬೋಸರ ಬರಹದಲ್ಲೂ ಕೆಲವೆಡೆ ಉತ್ಸಾಹ ಸಾಕ್ಷ್ಯಕ್ಕಿಂತ ಮುಂದೆ ಓಡಿದೆ, ಲೋಹಕ್ಕೂ ಜೀವಕ್ಕೂ ಅವರು ಎಳೆದ ಹೋಲಿಕೆಯನ್ನು ಇಂದು ಯಾರೂ ಹಾಗೇ ಒಪ್ಪುವುದಿಲ್ಲ. 1901ರಲ್ಲಿ ರಾಯಲ್ ಸೊಸೈಟಿಯ ಶರೀರಶಾಸ್ತ್ರಜ್ಞರು ಅವರನ್ನು ತೀವ್ರವಾಗಿ ವಿರೋಧಿಸಿದರು. ಆ ವಿರೋಧದಲ್ಲಿ ಭೌತಶಾಸ್ತ್ರದವನಿಗೆ ಇಲ್ಲೇನು ಕೆಲಸ ಎಂಬ ಅಸಹನೆಯೂ ಬೆರೆತಿತ್ತು. ಅದೇ ಸಂಸ್ಥೆ 1920ರಲ್ಲಿ ಅವರನ್ನು ತನ್ನ ಫೆಲೋ ಆಗಿ ಆರಿಸಿತು.

1917ರ ನವೆಂಬರ್ 30ರಂದು, ತಮ್ಮ 59ನೇ ಹುಟ್ಟುಹಬ್ಬದ ದಿನ, ಬೋಸ್ ಕೋಲ್ಕತಾದಲ್ಲಿ ಸ್ವಂತ ಸಂಶೋಧನಾ ಸಂಸ್ಥೆಯ ಬಾಗಿಲು ತೆರೆದರು. 24 ಚದರ ಅಡಿಯಲ್ಲಿ ದುಡಿದವರು ಮುಂದಿನವರಿಗೆ ಒಂದು ಕಟ್ಟಡ ಬಿಟ್ಟುಹೋದರು. 1937ರ ನವೆಂಬರ್ 23ರಂದು, ಇನ್ನೊಂದು ವಾರ ಕಳೆದಿದ್ದರೆ 79 ತುಂಬುತ್ತಿದ್ದ ಹೊತ್ತಿಗೆ, ಈಗಿನ ಜಾರ್ಖಂಡಿನ ಗಿರಿಡಿಯಲ್ಲಿ ತೀರಿಕೊಂಡರು.

ಅದಾಗಿ ಹತ್ತು ವರ್ಷಕ್ಕೆ, 1947ರ ಡಿಸೆಂಬರಿನಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಅರೆವಾಹಕ ಹರಳಿಗೆ ಲೋಹದ ಮೊನೆಗಳನ್ನು ತಾಗಿಸಿ ಟ್ರಾನ್ಸಿಸ್ಟರ್ ಮಾಡಿದರು. ಅದನ್ನು ಮಾಡಿದವರಲ್ಲಿ ಒಬ್ಬರಾದ ವಾಲ್ಟರ್ ಬ್ರಾಟೈನ್ 1955ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಅರೆವಾಹಕಗಳ ಇತಿಹಾಸ ಬರೆದರು. ರೇಡಿಯೋ ಅಲೆ ಹಿಡಿಯಲು ಅರೆವಾಹಕ ಹರಳನ್ನು ಮೊದಲು ಬಳಸಿದವರು ಬೋಸ್ ಎಂದು ಅದರಲ್ಲಿ ದಾಖಲಿಸಿದ್ದಾರೆ. ಬೋಸರ ಕೈಯಿಂದ ತಯಾರಾದ ಉಪಕರಣಗಳಲ್ಲಿ ಹಲವು ಇಂದಿಗೂ ಕೋಲ್ಕತಾದ ಬೋಸ್ ಸಂಸ್ಥೆಯಲ್ಲಿವೆ.